ಜ್ವರ ಬಂದ ದಿನ

ಬ್ಯಾಡಗಿ, 12-2-1996

ಡಾಕ್ಟರ್ ಸಾಹೇಬರಿಗೆ, ನಿಮ್ಮ ಪೇಶಂಟ್ ಕುಲ್ಸುಮಬಿಯ ಗಂಡನ ಸಲಾಮು.

ಕ್ಯಾನ್ಸರ್ ಗಡ್ಡೆ ಕರಗಿತ್ತು. ಆದರೆ ಔಷಧಿ ಏರಿಸಲು ನೀವು ಅವಳ ಎದೆಯ ಚರ್ಮದೊಳಗೆ ಕೂಡಿಸಿದ್ದ ಸಣ್ಣ ಡಬ್ಬಿಯ ಜಾಗದಲ್ಲಿ ಕೀವಾಗಿ, ಜ್ವರ ಬಂತು.

"ಲಗೂ ಏಳು, ದವಾಖಾನಿಗೆ ಹೋಗೂಣು" ಎಂದೆ.

"ಎರಡ ಕುಪ್ಪಸ ಹೊಲಿಯೋದೈತ್ರಿ, ಮುಗಿಸಿ ಹೋಗೂಣು" ಎಂದಳು. ನಾನು ಆಗಲಿ ಎಂದೆ.

ಕುಪ್ಪಸ ಮುಗಿದವು. ಐದನೆಯ ದಿನ ದಾವಣಗೆರೆಗೆ ಒಯ್ದಾಗ, ನಂಜು ಹೃದಯದ ಕವಾಟಕ್ಕೆ ಹತ್ತಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಶುಕ್ರವಾರ ಮಣ್ಣು ಮಾಡಿದೆವು.

ಬರುವ ಸೋಮವಾರ ನಿಮ್ಮಲ್ಲಿ ಅವಳ ಪಾಳಿ ಇತ್ತು. ಬೇರೆಯವರಿಗೆ ಕೊಡಿರಿ. "ಜ್ವರ ಬಂದ್ರ ಅವತ್ತ ಬರ್ರಿ" ಎಂದು ನೀವು ಹೇಳಿದ್ದಿರಿ. ನಾನು ತಲೆಯಾಡಿಸಿದ್ದೆ. ಇನ್ನು ಮುಂದೆ ತಲೆಯಾಡಿಸುವವರಿಂದ ಆ ಮಾತನ್ನು ಒಂದು ಸಲ ಬಾಯಿಬಿಟ್ಟು ಹೇಳಿಸಿರಿ.

ಇಂತಿ,
ಇಸಾಕಸಾಬ