ಜೋಡಿ ರೆಕ್ಕೆಗೆ ದಾರ

ಮನೆಯಿಂದ,
ಮಾರ್ಚ್ ೧೪, ಶನಿವಾರ ಬೆಳಿಗ್ಗೆ

ಪ್ರೀತಿಯ ಕೂಸೇ,

ಹೇಗಿದ್ದೀಯ? ಹೊಟ್ಟೆ ತೊಳಸುವುದು ನಿಂತಿತಾ? ಅಲೆ ಜಾಸ್ತಿ, ಊಟದ ತಟ್ಟೆ ಮೇಜಿನ ಮೇಲೆ ನಿಲ್ಲುವುದಿಲ್ಲ, ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ತಿನ್ನುತ್ತೇನೆ ಎಂದು ನೀನು ಬರೆದಿದ್ದೆ. ತಟ್ಟೆ ಹಿಡಿಯುವುದೇ ಕಷ್ಟವಾಯಿತು ಅಂತ ಊಟ ಬಿಡಬೇಡ. ಶುಂಠಿ ಚೂರು ಬಾಯಲ್ಲಿಟ್ಟುಕೋ. ನಾನು ಚೆನ್ನಾಗಿದ್ದೇನೆ. ಇದನ್ನು ಹಿಂದಿನ ನಾಲ್ಕು ಕಾಗದಗಳಲ್ಲೂ ಬರೆದಿದ್ದೆ, ಅದು ಸುಳ್ಳು. ಈ ಸಲ ನಿಜ. ಮಂಡಿ ನೋವಿದೆ, ಅದು ಹೊಲಿಗೆ ಯಂತ್ರದ ಜೊತೆಗೇ ಬಂದದ್ದು, ಅದನ್ನು ಕಾಯಿಲೆ ಅನ್ನುವ ಹಾಗಿಲ್ಲ.

ನಿನ್ನ ಕಾಗದ ಮಂಗಳವಾರ ಬಂತು. ಇಪ್ಪತ್ತೆಂಟನೇ ತಾರೀಖು ಹಡಗು ಬಂದರಿಗೆ ಬಂದಾಗ ಕೆಲಸ ಬಿಟ್ಟು ಇಳಿದುಬಿಡುತ್ತೇನೆ, ಕ್ಯಾಪ್ಟನ್ನಿಗೆ ಬಾಯಿಮಾತಿನಲ್ಲಿ ಹೇಳಿಯಾಗಿದೆ, ರಾಜೀನಾಮೆ ಬರೆದುಕೊಡುವುದೊಂದು ಬಾಕಿ ಎಂದಿದ್ದೀಯ. ಜನವರಿಯಲ್ಲಿ 'ಬಂದುಬಿಡು ಕೂಸೇ, ನನಗೆ ಒಬ್ಬನಿಗೇ ಆಗ್ತಿಲ್ಲ' ಎಂದು ನಾನೇ ಬರೆದದ್ದಕ್ಕೆ ಇದು ಉತ್ತರ. ಸಮುದ್ರದ ಆಳ ಅಳೆಯುವ ಆ ಯಂತ್ರದ ಮುಂದೆ ಕೂರುವುದಕ್ಕೆ ನೀನು ಎಷ್ಟು ವರ್ಷ ಓದಿದೆ, ಎಷ್ಟು ಸಲ ಅರ್ಜಿ ಹಾಕಿದೆ, ಸಿಕ್ಕಿದ ದಿನ ಅಡುಗೆಮನೆಯಲ್ಲಿ ನಿನ್ನಮ್ಮನನ್ನು ಎತ್ತಿಕೊಂಡು ಹೇಗೆ ಸುತ್ತಿದೆ, ಎಲ್ಲ ಗೊತ್ತಿದ್ದೂ ಬರೆದಿದ್ದೆ. ನಿನ್ನ ಉತ್ತರ ಮೂರು ಸಲ ಓದಿದೆ. ಆ ಬಗ್ಗೆ ನಾನು ಏನಾದರೂ ಬರೆಯಲೇಬೇಕು, ಬರೆಯುತ್ತೇನೆ. ಆದರೆ ಮೊದಲು ವಿಮಾನದ ಸುದ್ದಿ ಕೇಳು. ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬಂದರೆ ನೀನು ನನ್ನ ಮಾತು ನಂಬುವುದಿಲ್ಲ.

ನಿನ್ನಮ್ಮನ ಕಿಟಕಿ ಪಕ್ಕದ ಮೇಜು ನೆನಪಿದೆಯಲ್ಲ? ವಾರವಿಡೀ ದಂತವೈದ್ಯರ ಬಳಿ ಕೃತಕ ಹಲ್ಲಿನ ಸೆಟ್ಟು ಮಾಡುವುದು, ಭಾನುವಾರ ಬಂದರೆ ಆ ಮೇಜಿನಲ್ಲಿ ಕೂತು ಪ್ಲಾಸ್ಟಿಕ್ಕಿನ ಯುದ್ಧವಿಮಾನ ಜೋಡಿಸುವುದು. 'ಆರು ದಿನ ಕಚ್ಚೋದನ್ನ ಮಾಡಿದ್ದೀನಿ ರೀ, ಏಳನೇ ದಿನ ಹಾರೋದೇನಾದ್ರೂ ಮಾಡ್ತೀನಿ' ಎನ್ನುತ್ತಿದ್ದಳು. ನಾನು ಸುಮ್ಮನಿರುತ್ತಿರಲಿಲ್ಲ. ಬಂದವರಿಗೆಲ್ಲ 'ನಮ್ಮನೇಲಿ ಗಂಡ ಪ್ಯಾಂಟ್ ಹೊಲೀತಾನೆ, ಹೆಂಡ್ತಿ ಬಾಂಬ್ ಹಾಕ್ತಾಳೆ' ಎಂದು ಹೇಳಿ ನಗಿಸುತ್ತಿದ್ದೆ. ಹನ್ನೊಂದು ವಿಮಾನ ಮಾಡಿದ್ದಾಳೆ, ಎಲ್ಲವೂ ಸೂರಿನಿಂದ ತೂಗುತ್ತಿವೆ. ಪ್ರತಿಯೊಂದರಲ್ಲೂ ಹೆಸರುಕಾಳಿನಷ್ಟು ತಲೆಯ ಪೈಲಟ್ಟು. ಒಬ್ಬೊಬ್ಬನ ಬಾಯಿಗೂ ಒಂದು ಚುಕ್ಕೆ ಬಿಳಿ ಬಣ್ಣ. ಯುದ್ಧಕ್ಕೆ ಹೊರಟವನು ಹಲ್ಲು ಕಿರಿಯುತ್ತಾನೇನೇ ಎಂದರೆ, 'ನಾನು ಮಾಡಿದ ಹಲ್ಲು ಹಾಕ್ಕೊಂಡೋರು ನಗಲೇಬೇಕು' ಎನ್ನುತ್ತಿದ್ದಳು.

ಹನ್ನೆರಡನೆಯದು ಬಿಡಿಭಾಗಗಳ ಡಬ್ಬಿಯಲ್ಲೇ ಅರ್ಧಕ್ಕೆ ನಿಂತಿತ್ತು. ಆಸ್ಪತ್ರೆಗೆ ಹೋದ ದಿನ ಹೇಗೆ ಬಿಟ್ಟಳೋ ಹಾಗೇ ಇತ್ತು, ಅವಳು ವಾಪಸ್ ಬರಲಿಲ್ಲ. ನಾನು ಅದರ ಮೇಲೆ ಒಂದು ಬಟ್ಟೆ ಹೊದಿಸಿ, ಆ ಕೋಣೆಗೆ ಹೋಗುವುದನ್ನೇ ಬಿಟ್ಟೆ. ನನ್ನ ದಿನಚರಿ ಪುಸ್ತಕ ತೆಗೆದು ನೋಡಿದರೆ ಅಕ್ಟೋಬರಿನಿಂದ ಪುಟಕ್ಕೆ ಒಂದೇ ಸಾಲು: 'ಅಂಗಡಿ ತೆರೆಯಲಿಲ್ಲ.' ಕೆಲವು ದಿನ ಅದನ್ನೂ ಪೂರ್ತಿ ಬರೆದಿಲ್ಲ, 'ಇಲ್ಲ' ಎಂದಷ್ಟೇ ಇದೆ.

ಹೋದ ತಿಂಗಳು ನಿನ್ನ ಚಿಕ್ಕಮ್ಮ ಪೊರಕೆ ಹಿಡಿದುಕೊಂಡು ಬಂದಳು. ಅವಳು ಬಂದರೆ ಗೊತ್ತಲ್ಲ, ಮನೆಯಲ್ಲಿ ಜೇಡಕ್ಕೂ ಜಾಗವಿಲ್ಲ. ಆ ಬಟ್ಟೆ ಎತ್ತಿ, 'ಭಾವ, ಈ ಡಬ್ಬಿ ಧೂಳು ತಿಂತಾ ಇದೆ, ಯಾರಿಗಾದ್ರೂ ಕೊಟ್ಬಿಡ್ಲಾ?' ಎಂದಳು. ನನ್ನ ಬಾಯಿಂದ ಅದು ಹೇಗೆ ಬಂತೋ, 'ಬೇಡ, ನಾನು ಮುಗಿಸ್ತೀನಿ' ಎಂದುಬಿಟ್ಟೆ. ಅವಳು ಪೊರಕೆ ಕೆಳಗಿಟ್ಟು ನಕ್ಕಳು. 'ನೀವಾ? ಬಲ್ಬ್ ಬದಲಾಯಿಸೋಕೂ ಅಕ್ಕಾನೇ ಸ್ಟೂಲ್ ಹತ್ತಬೇಕಿತ್ತು!' ಇಂಥ ಮಾತು ಕೇಳಿಸಿಕೊಂಡ ಮೇಲೆ ಹಿಂದೆ ಸರಿಯುವ ಹಾಗಿಲ್ಲ. ಅವಳು ಹೋದ ಮೇಲೆ ಕನ್ನಡಕ ಒರೆಸಿಕೊಂಡು ಡಬ್ಬಿ ತೆರೆದೆ.

ಕೂಸೇ, ಅದು ತುಂಬಾ ಹಳೆಯ ಕಾಲದ ಯುದ್ಧವಿಮಾನ. ರೆಕ್ಕೆಯ ಮೇಲೊಂದು ರೆಕ್ಕೆ, ನಡುವೆ ಕಡ್ಡಿಯಂಥ ಕಂಬಗಳು. ನಿಜವಾದ ವಿಮಾನವನ್ನು ನಲವತ್ತೆಂಟು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಉದ್ದ. ಒಳಗೆ ಮಡಿಸಿಟ್ಟ ದೊಡ್ಡ ಹಾಳೆಯಲ್ಲಿ ಒಂದೊಂದು ಹಂತಕ್ಕೂ ಚಿತ್ರ. ಒಂಬತ್ತನೆಯ ಹಂತದವರೆಗೆ ನಿನ್ನಮ್ಮ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದ್ದಳು. ಆಸನ, ಅದಕ್ಕೊಂದು ಬೆಲ್ಟು, ಬೆರಳಿನುಗುರಿನಷ್ಟು ಪೈಲಟ್ಟು, ಎಲ್ಲ ಮುಗಿಸಿಟ್ಟಿದ್ದಳು. ಅವನೂ ಹಲ್ಲು ಬಿಟ್ಟುಕೊಂಡು ಕೂತಿದ್ದ. ಅವನನ್ನು ಆಸನದ ಸಮೇತ ಕಿಟಕಿಯ ಬೆಳಕಿಗೆ ಇಟ್ಟುಕೊಂಡೆ. ಆಮೇಲೆ ಹತ್ತನೆಯ ಹಂತಕ್ಕೆ ಕೈ ಹಾಕಿದೆ.

ಬಿಡಿಭಾಗಗಳೆಲ್ಲ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಸಣ್ಣ ಸಣ್ಣ ತೊಟ್ಟುಗಳಿಂದ ಅಂಟಿಕೊಂಡಿರುತ್ತವೆ, ಕತ್ತರಿಸಿ ಬಿಡಿಸಿಕೊಳ್ಳಬೇಕು. ಕತ್ತರಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ! ನಲವತ್ತು ವರ್ಷದ ಕೈ. ಎಲ್ಲ ಭಾಗಗಳನ್ನೂ ನಾಜೂಕಾಗಿ, ಸುತ್ತಲೂ ಒಂದಿಷ್ಟು ಅಂಚು ಬಿಟ್ಟು ಕತ್ತರಿಸಿದೆ. ಹೊಲಿಗೆಗೆ ಅಂಚು ಬಿಡದೆ ಕತ್ತರಿಸಿದರೆ ನನ್ನ ಗುರುಗಳು ಸ್ಕೇಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದರು. ಇಡೀ ಬೆಳಿಗ್ಗೆ ಅದೇ ಕೆಲಸ. ಜೋಡಿಸಲು ಹೋದರೆ ಒಂದೂ ಕೂರುವುದಿಲ್ಲ. ವಿಮಾನದ ಹೊಟ್ಟೆಯ ಎರಡು ಹೋಳು ಬಾಯಿ ತೆರೆದ ಮೊಸಳೆಯ ಹಾಗೆ ನಿಂತಿವೆ. ಕಂಪನಿಯವರು ತಪ್ಪು ಅಳತೆ ಕೊಟ್ಟಿದ್ದಾರೆಂದು ಸಿಟ್ಟಿನಲ್ಲಿ ಎಲ್ಲವನ್ನೂ ಕರ್ಚೀಫಿನಲ್ಲಿ ಕಟ್ಟಿಕೊಂಡು ಅಂಟಣ್ಣನ ಅಂಗಡಿಗೆ ಹೋದೆ. ಅಂಟಣ್ಣ ಅಂದರೆ ಅಂಚೆ ಕಚೇರಿಯ ಹಿಂದೆ ಈ ಡಬ್ಬಿಗಳನ್ನು ಮಾರುವವನು. ಬೆರಳಲ್ಲಿ ಯಾವಾಗಲೂ ಅಂಟು ಮೆತ್ತಿರುತ್ತದೆ ಎಂದು ನಿನ್ನಮ್ಮ ಇಟ್ಟ ಹೆಸರು, ಈಗ ಬೀದಿಗೆಲ್ಲ ಅದೇ ಹೆಸರು. ಅವನು ಒಂದು ತುಂಡು ಎತ್ತಿ ನೋಡಿದ, ಇನ್ನೊಂದು ನೋಡಿದ. 'ಟೈಲರ್ ಸಾರ್, ಇದೇನು ಸುತ್ತಲೂ ಬಾಲ?' ಎಂದ. ಅಂಚು ಕಣಪ್ಪಾ, ಒಳಗೆ ಮಡಚೋಕೆ, ಆಮೇಲೆ ಬಿಗಿ ಆದ್ರೆ ಬಿಚ್ಚೋಕೆ ಎಂದೆ. ಅವನು ಕೌಂಟರಿನ ಹಿಂದೆ ಕೂತುಬಿಟ್ಟ. 'ಸಾರ್, ಇದು ವಿಮಾನ. ಮುಂದಿನ ವರ್ಷ ದಪ್ಪ ಆಗಲ್ಲ!' ಅವನು ನಕ್ಕ ರಭಸಕ್ಕೆ ನನಗೂ ನಗು ಬಂತು. ಅಷ್ಟು ತಿಂಗಳಾದ ಮೇಲೆ ನನ್ನ ನಗು ನನಗೇ ಕೇಳಿಸಿ, ಯಾರೋ ಹಿಂದೆ ನಿಂತಿದ್ದಾರೆಂದು ತಿರುಗಿ ನೋಡಿದೆ.

ಉಜ್ಜು ಕಾಗದ ಕೊಟ್ಟು ಕಳಿಸಿದ. ಎರಡು ದಿನ ಉಜ್ಜಿದೆ. ಆಗ ಹೋಳುಗಳು ಸರಿಯಾಗಿ ಕೂತವು. ಅಂಟು ಒಣಗುವವರೆಗೆ ಟೇಪಿನಿಂದ ಹಿಡಿಸಬೇಕೆಂದು ಅವನು ಹೇಳಿದ್ದ. ನಾನು ಕೇಳಬೇಕಲ್ಲ! ಕೋಟಿಗೆ ಕಚ್ಚಾ ಹೊಲಿಗೆ ಹಾಕುವ ಹಾಗೆ ದಾರ ಸುತ್ತಿ ಬಿಗಿದೆ. ಆ ಅಂಟು ನೀರಿಗಿಂತ ತೆಳು, ದಾರದ ಗುಂಟ ಓಡಿ ಪ್ಲಾಸ್ಟಿಕ್ಕನ್ನೇ ಕರಗಿಸಿತು. ದಾರ ಬಿಚ್ಚಿದರೆ ಹೊಟ್ಟೆಯ ಮೇಲೆ ಏಳು ಗೆರೆ, ಆಪರೇಷನ್ ಆದವರ ಹಾಗೆ. ಚಿಕ್ಕಮ್ಮ ನೋಡಿ, 'ಹಾರೋಕೆ ಮುಂಚೆನೇ ಗಾಯ ಮಾಡ್ಕೊಂಡ್ಬಂತಾ?' ಎಂದಳು. ಮತ್ತೆ ಉಜ್ಜಿದೆ. ಒಂದು ಗೆರೆ ಇನ್ನೂ ಇದೆ, ಅಡಿಯಲ್ಲಿ. ಯಾರಿಗೂ ಹೇಳಬೇಡ.

ಈಗ ನನಗೆ ಖುಷಿ ಕೊಟ್ಟ ವಿಷಯ ಹೇಳುತ್ತೇನೆ. ರೆಕ್ಕೆಗೆ ಬಣ್ಣ ಹಚ್ಚುವಾಗ ಅದರ ಮೇಲೆ ಉದ್ದಕ್ಕೂ ಸಣ್ಣ ಸಣ್ಣ ಉಬ್ಬುಗೆರೆಗಳು ಕಂಡವು. ಭೂತಗನ್ನಡಿ ಹಿಡಿದು ನೋಡಿದೆ. ಹೊಲಿಗೆ! ನಮ್ಮ ಕೈಹೊಲಿಗೆಯ ಹಾಗೇ ಒಂದರ ಪಕ್ಕ ಒಂದು. ಅಂಟಣ್ಣನನ್ನು ಕೇಳಿದೆ. ಆ ಕಾಲದ ಇಂಥ ವಿಮಾನಗಳ ರೆಕ್ಕೆ ಬಟ್ಟೆಯದೇ ಅಂತೆ. ಮರದ ಚೌಕಟ್ಟಿಗೆ ಬಟ್ಟೆ ಎಳೆದು, ಸೂಜಿಯಲ್ಲಿ ಹೊಲಿದು, ಮೇಲೆ ಬಿಗಿಯಾಗಲು ಬಣ್ಣದಂಥದ್ದನ್ನು ಹಚ್ಚುತ್ತಿದ್ದರಂತೆ. ಯಾರು ಹೊಲಿಯುತ್ತಿದ್ದರು ಎಂದೆ. 'ಇನ್ಯಾರು ಸಾರ್, ನಿಮ್ಮಂಥೋರೇ.' ನನಗೆ ಆದ ಸಂತೋಷ ಹೇಗೆ ಹೇಳಲಿ? ಇಷ್ಟು ವರ್ಷ ನಾನು ನೆಲದ ಮೇಲೆ ನಡೆಯುವವರಿಗೆ ಮಾತ್ರ ಹೊಲಿದೆ ಎಂದುಕೊಂಡಿದ್ದೆ. ನಮ್ಮ ಕಸುಬಿನವರು ಆಕಾಶಕ್ಕೂ ಹೊಲಿದಿದ್ದಾರೆ. ನಿನ್ನಮ್ಮನಿಗೆ ಇದು ಗೊತ್ತಿದ್ದಿರಲೇಬೇಕು. ಒಂದು ಸಲವೂ ಹೇಳಲಿಲ್ಲ. ಅಥವಾ ಹೇಳಿದ್ದಾಗ ನಾನು ಕಾಲರು ತಿರುವುತ್ತಾ ಹೂಂ ಎಂದಿದ್ದೆನೋ.

ಹೋದ ವಾರ ಹದಿನೇಳನೆಯ ಹಂತಕ್ಕೆ ಬಂದೆ. ಅದು ಹಾಳೆಯ ಹಿಂಬದಿಯಲ್ಲಿದೆ, ಅಲ್ಲಿವರೆಗೆ ತಿರುಗಿಸಿರಲಿಲ್ಲ. ಎರಡು ರೆಕ್ಕೆಗಳ ನಡುವೆ ಅಡ್ಡಡ್ಡ ತಂತಿಗಳಿರುತ್ತವೆ, ಅವೇ ರೆಕ್ಕೆ ಬೀಳದಂತೆ ಹಿಡಿದಿರುವುದು. ಮಾದರಿಯಲ್ಲಿ ತಂತಿಯ ಬದಲು ದಾರ ಎಳೆದು ಕಟ್ಟಬೇಕು, ಮೂವತ್ತಾರು ಕಡೆ. ಅಲ್ಲಿ ಸರಿ ಗುರುತು ಇರಲಿಲ್ಲ. ಆ ಚಿತ್ರದ ಪಕ್ಕದಲ್ಲಿ ನಿನ್ನಮ್ಮನ ಸಣ್ಣ ಅಕ್ಷರದಲ್ಲಿ 'ಇದು ಅವರ ಕೈಯಲ್ಲಿ ಮಾಡಿಸಬೇಕು' ಎಂದಿತ್ತು.

ಅಷ್ಟೇ ಬರೆದಿದ್ದಳು. ಎಷ್ಟೋ ಭಾನುವಾರ 'ಒಂದು ಗಳಿಗೆ ಬನ್ನಿ ರೀ, ಇದನ್ನ ಹಿಡ್ಕೊಳ್ಳಿ' ಎಂದು ಕರೆದಿದ್ದಾಳೆ. ನಾನು ಪುರುಸೊತ್ತಿಲ್ಲ ಎಂದಿದ್ದೇನೆ. ಆ ಸಾಲಿನ ಮುಂದೆ ಕೂತು ಚೆನ್ನಾಗಿ ಅತ್ತೆ, ಸುಳ್ಳು ಯಾಕೆ ಹೇಳಲಿ. ಅತ್ತು ಮುಗಿದ ಮೇಲೆ ಒಂದು ಯೋಚನೆ ಬಂತು: ಎಪ್ಪತ್ತನೇ ನಂಬರ್ ದಾರ ಆಗಲ್ಲ, ದಪ್ಪ. ರೇಷ್ಮೆ ಬಟ್ಟೆಗೆ ಹಾಕುವ ಸಣ್ಣ ದಾರ ಬೇಕು. ಅದು ಅಂಗಡಿಯಲ್ಲಿದೆ.

ಶಟರಿನ ಬೀಗಕ್ಕೆ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಎತ್ತಿದೆ. ದಾರದ ಉಂಡೆ, ಒಂದು ತುಂಡು ಮೇಣ, ಹನ್ನೆರಡನೇ ನಂಬರ್ ಸೂಜಿ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಮುಚ್ಚುವುದೆಂದಿದ್ದೆ. ಅಷ್ಟರಲ್ಲಿ ಶಾಲೆ ಬಸ್ಸಿನ ಡ್ರೈವರಮ್ಮ ಒಳಗೆ ನುಗ್ಗಿದರು. 'ಅಂತೂ ತೆರೆದ್ರಲ್ಲಪ್ಪಾ! ಐದು ತಿಂಗಳಿಂದ ಪಿನ್ನು ಹಾಕ್ಕೊಂಡು ಓಡಿಸ್ತಿದ್ದೀನಿ' ಎಂದು ತೋಳು ಹರಿದ ಯೂನಿಫಾರ್ಮನ್ನು ಮೇಜಿನ ಮೇಲೆ ಹಾಕಿದರು. ದಾರಕ್ಕೆ ಬಂದೆ ಕಣಮ್ಮಾ ಎಂದರೆ, 'ಮತ್ತೆ ಸರಿಹೋಯ್ತು, ದಾರಾನೂ ಕೈಲೇ ಇದೆ' ಎಂದರು. ಹೊಲಿದುಕೊಟ್ಟೆ. ಅವರ ಹಿಂದೆ ಇಬ್ಬರು ಬಂದರು. ಸಂಜೆ ದಿನಚರಿಯಲ್ಲಿ ಏನು ಬರೆಯಬೇಕೆಂದು ತೋಚದೆ 'ತೆರೆದೆ' ಎಂದು ಬರೆದೆ.

ಮರುದಿನದಿಂದ ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ವಿಮಾನ. ದಾರದ ಕೆಲಸ ನೋಡಲು ಅಂಟಣ್ಣ ಮನೆಗೇ ಬಂದು ಸ್ಟೂಲು ಎಳೆದುಕೊಂಡು ಕೂತ. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಸಡಿಲವಾಗಿ ರೆಕ್ಕೆ ಸೊಟ್ಟಗಾಗುತ್ತದೆ, ಹಳಬರೂ ಇಲ್ಲಿ ಸೋಲುತ್ತಾರೆ ಎಂದು ಹೆದರಿಸಿದ. ಕೋಟಿನ ಕಾಲರು ಕೂರಿಸುವಾಗ ಏನು ಮಾಡುತ್ತೇವೆ? ಎಡಕ್ಕೊಂದು, ಬಲಕ್ಕೊಂದು, ನಡುವಿನಿಂದ ಹೊರಕ್ಕೆ. ಅದನ್ನೇ ಮಾಡಿದೆ. ದಾರಕ್ಕೆ ಮೇಣ ಸವರಿ ನಾರು ಕೂರಿಸಿ, ತೂತಿನಲ್ಲಿ ಪೋಣಿಸಿ, ಗಂಟು ಕಾಣದಂತೆ ಒಳಗೆ ತಳ್ಳಿದೆ. ಮೂವತ್ತಾರನೆಯದು ಎಳೆದಾಗ ಎರಡು ರೆಕ್ಕೆಗಳೂ ನೆಟ್ಟಗೆ ನಿಂತವು. ಬೆರಳಿಂದ ಮೀಟಿದರೆ ಸಣ್ಣಗೆ ಟಿಂಗ್ ಎನ್ನುತ್ತದೆ! ಅಂಟಣ್ಣ ತಾನೂ ಒಂದು ಸಲ ಮೀಟಿ ನೋಡಿದ. ಆಮೇಲೆ, 'ಸಾರ್, ನನ್ನ ಅಂಗಡೀಲಿ ಇಂಥ ವಿಮಾನ ಮೂರಿದೆ, ಎಲ್ಲಾ ದಾರಕ್ಕೆ ಹೆದರಿ ವಾಪಸ್ ಕೊಟ್ಟಿದ್ದು. ಭಾನುವಾರ ಪುರುಸೊತ್ತಾ?' ಎಂದ. ಪುರುಸೊತ್ತು ಎಂದೆ. ಚಿಕ್ಕಮ್ಮ ನಿನ್ನೆ ಬಂದು, ನಾನು ಸ್ಟೂಲು ಹತ್ತಿ ಹನ್ನೆರಡನೆಯದನ್ನು ಸೂರಿಗೆ ಕಟ್ಟುವವರೆಗೂ ಸ್ಟೂಲಿನ ಕಾಲು ಹಿಡಿದುಕೊಂಡಿದ್ದಳು. ಒಂದೂ ಕೊಂಕು ಆಡಲಿಲ್ಲ. ಅವಳಿಗೆ ಮೈ ಸರಿಯಿಲ್ಲವೇನೋ.

ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ತಿಳಿಸು, ಕ್ಯಾಪ್ಟನ್ನಿಗೆ ವಿಶೇಷವಾಗಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ರೇಲಿಂಗಿಗೆ ಒರಗಿ ನಿಲ್ಲಬೇಡ. ನೀನು ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ಇಂತಿ,
ನಿನ್ನ ಅಪ್ಪ

ತಾ. ಕ.: ನಿನಗೆ ಕಾಗದ ತಲುಪಿಸುವ ಹಡಗಿನ ಕಚೇರಿ ಇವತ್ತು ಹನ್ನೆರಡಕ್ಕೆ ಮುಚ್ಚುತ್ತದಂತೆ, ಅಂಟಣ್ಣ ಸೈಕಲ್ ಹಿಡಿದು ಬಾಗಿಲಲ್ಲೇ ಅವಸರ ಮಾಡುತ್ತಿದ್ದಾನೆ. ಇಷ್ಟುದ್ದ ಬರೆದೂ ಮುಖ್ಯ ಮಾತು ಉಳಿಯಿತು. ರಾಜೀನಾಮೆ ಕೊಡಬೇಡ. ಬರೆದಿಟ್ಟಿದ್ದರೆ ಹರಿದುಹಾಕು, ಕ್ಯಾಪ್ಟನ್ನಿಗೆ ಅಪ್ಪ ಮನಸ್ಸು ಬದಲಾಯಿಸಿದರು ಎಂದು ಹೇಳು, ನನಗೇನೂ ಅವಮಾನವಿಲ್ಲ. ಜನವರಿಯಲ್ಲಿ ಬಾ ಎಂದದ್ದೂ ನಿಜ, ಈಗ ಇರು ಎನ್ನುವುದೂ ನಿಜ. ಇಪ್ಪತ್ತೆಂಟಕ್ಕೆ ಹದಿನೈದು ದಿನ ರಜೆ ಹಾಕಿ ಬಾ, ನೋಡಿಕೊಂಡು ವಾಪಸ್ ಹೋಗು. ನಿನಗೊಂದು ಕೋಟಿನ ಬಟ್ಟೆ ತೆಗೆದಿಟ್ಟಿದ್ದೇನೆ, ಕಡುನೀಲಿ ಉಣ್ಣೆ, ಒಳಗೆ ಎರಡು ಪದರ ಲೈನಿಂಗ್ ಕೊಡುತ್ತೇನೆ. ಭುಜ, ತೋಳು, ಎದೆಯ ಅಳತೆ ಈಗಲೇ ಬರೆದು ಕಳಿಸು. ಅದನ್ನು ಹಾಕಿಕೊಂಡು ಮನೆಯಲ್ಲಿ ಕೂರುವುದಕ್ಕೆ ಆಗುವುದಿಲ್ಲ, ಬೆವರಿ ನೀರಾಗುತ್ತೀಯ. ಸಮುದ್ರದ ಗಾಳಿಗೇ ಅದು ಸರಿ.