ಸ್ಪೀಕರಿನ ಅಡಿಗೆ ನನ್ನ ಚಪ್ಪಲಿ

ವಸಂತ,

ಎದ್ದವನು ಮೊದಲು ಇದನ್ನು ಓದು, ರೇಡಿಯೋ ಆಮೇಲೆ ಹಚ್ಚು.

ನಿನ್ನ ಸ್ಪೀಕರ್ ಪೆಟ್ಟಿಗೆ ಹಾಡಿದಾಗಲೆಲ್ಲ ನನ್ನ ಪುಸ್ತಕದ ಕಪಾಟು ಗಡಗಡ ನಡುಗುತ್ತದೆ, ಗಾಜು ಒಡೆಯುವ ಮೊದಲು ಏನಾದರೂ ಮಾಡು ಎಂದವಳು ನಾನೇ, ಹೌದು. ಅದಕ್ಕೆ ನನ್ನ ಹೊಸ ರಬ್ಬರ್ ಚಪ್ಪಲಿ ಕತ್ತರಿಸಿ ನಾಲ್ಕು ತುಂಡು ಮಾಡಿ ಪೆಟ್ಟಿಗೆಯ ಅಡಿಗೆ ಇಡುವುದಾ? ಎಂತ ತಲೆ ಮಾರಾಯ ನಿಂದು! ಇವತ್ತು ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂದು ಕುಮಟೆಯಿಂದ ತಂದು, ಮಣ್ಣು ತಾಗಿಸದೆ ಇಟ್ಟಿದ್ದೆ. ಮನೆಯೆಲ್ಲ ಹುಡುಕಿದೆ. ಕಡೆಗೆ ನೋಡಿದರೆ ಪೆಟ್ಟಿಗೆಯ ಅಡಿಯಿಂದ ನೀಲಿ ರಬ್ಬರು ಇಣುಕುತ್ತಿತ್ತು. ನಿನ್ನೆ ನೀನು ‘ರಬ್ಬರ್ ಸಿಕ್ತು, ಕೆಲಸ ಆತು ಅಕ್ಕಾ’ ಎಂದು ಕುಣಿದಾಗಲೇ ಯಾರ ರಬ್ಬರು ಎಂದು ಕೇಳಬೇಕಿತ್ತು.

ಸೈಕಲ್ ಅಂಗಡಿಯ ಶುಕ್ರನನ್ನು ಕೇಳಿದ್ದರೆ ಹರಿದ ಟ್ಯೂಬು ಸುಮ್ಮನೆ ಕೊಡುತ್ತಿದ್ದ. ಗೋಣಿಚೀಲ ಮಡಚಿ ಹಾಕಬಹುದಿತ್ತು. ಪೆಟ್ಟಿಗೆ ಗೋಡೆಗೆ ತಾಗದ ಹಾಗೆ ಸ್ವಲ್ಪ ಈಚೆ ಎಳೆಯಲಿಕ್ಕೆ ಎಂತ ಖರ್ಚು?

ಈಗ ಕೊಡಪಾನದ ಅಡಿಗಿದ್ದ ತೆಂಗಿನ ನಾರಿನ ಸಿಂಬೆ ತೆಗೆದು ಅದರ ಮೇಲೆ ಪೆಟ್ಟಿಗೆ ಕೂರಿಸಿದ್ದೇನೆ. ಜೋರಾಗಿ ಹಚ್ಚಿಯೂ ನೋಡಿದೆ. ಗಾಜೂ ಅಲುಗಲಿಲ್ಲ, ಮಲಗಿದ್ದ ನೀನೂ ಅಲುಗಲಿಲ್ಲ.

ಗಂಜಿ ಒಲೆಯ ಮೇಲಿದೆ, ಬಿಸಿ ಆರುವ ಮೊದಲು ಉಣ್ಣು.

ನಿನ್ನ ಚಪ್ಪಲಿ ನಾನು ಹಾಕಿಕೊಂಡು ಹೋಗಿದ್ದೇನೆ. ದೊಡ್ಡದು, ಹೆಜ್ಜೆಗೊಮ್ಮೆ ಪಟಪಟ ಎನ್ನುತ್ತದೆ. ಸಾಹೇಬರು ಕೇಳಿದರೆ ತಮ್ಮನದು ಎಂದು ನಿನ್ನ ಹೆಸರನ್ನೇ ಹೇಳುತ್ತೇನೆ. ನೀನು ಪೋಸ್ಟಾಫೀಸಿಗೆ ಹೋಗಲಿಕ್ಕೆ ನನ್ನ ಚಪ್ಪಲಿಯ ನಾಲ್ಕೂ ತುಂಡು ಹೊಸ್ತಿಲ ಹತ್ತಿರ ಸಾಲಾಗಿ ಇಟ್ಟಿದ್ದೇನೆ. ಎಡ ಯಾವುದು, ಬಲ ಯಾವುದು ಎಂದು ನೋಡಿಕೊಂಡು ಹಾಕಿಕೋ.

ಅಕ್ಕ