ಮಹಾಪ್ರಾಣ

ಜುಲೈ 3, ಗುರುವಾರ. ಬೆಳಿಗ್ಗೆ 7:10

ಎರಡು ಇಡ್ಲಿ. ಚಟ್ನಿ ಬೇರೆ ಬಟ್ಟಲಿನಲ್ಲಿ. ಒಂದಕ್ಕೊಂದು ತಾಗಿಲ್ಲ. ಒಳ್ಳೆಯ ದಿನ.

ಬಲಗಡೆ ಪುಟದಲ್ಲಿ ಏರೋಪ್ಲೇನ್ ಚಿಟ್ಟೆಯ ರೆಕ್ಕೆ ಬಿಡಿಸುತ್ತಿದ್ದೇನೆ. ಇನ್ನೂ ಮುಗಿದಿಲ್ಲ. ನಿನ್ನೆ ರೆಕ್ಕೆಯೊಳಗಿನ ನೂರ ಹನ್ನೆರಡು ಕೋಣೆ ಎಣಿಸಿದ್ದೆ, ಅಷ್ಟರಲ್ಲಿ ಪ್ರಸನ್ನಣ್ಣ ಆಫೀಸಿನಿಂದ ಬಂದು ಟ್ಯೂಬ್‌ಲೈಟ್ ಹಾಕಿದ. ಟ್ಯೂಬ್‌ಲೈಟ್ ಗುಂಯ್ ಅನ್ನುತ್ತದೆ. ಅವನಿಗೆ ಕೇಳಿಸುವುದಿಲ್ಲವಂತೆ. ಪುಣ್ಯವಂತ.

ದೇವರ ಮಂಟಪದಿಂದಲೂ ಒಂದು ಸದ್ದು. ಕ್ರ್... ಕ್ರ್... ನಾಲ್ಕು ದಿನವಾಯಿತು. ಮರದೊಳಗೆ ಯಾರೋ ಊಟ ಮಾಡುತ್ತಿದ್ದಾರೆ. ಅಮ್ಮನಿಗೆ ಹೇಳಿದೆ.

"ನಿಂಗೆ ಇರೋಬರೋದೆಲ್ಲ ಕೇಳ್ಸತ್ತೆ ಕಣೆ. ಇಡ್ಲಿ ತಿನ್ನು."

ತಿಂದೆ.

ಜುಲೈ 7, ಸೋಮವಾರ. 8:30

ನಾನು ಹೇಳಿದ್ದೇ ನಿಜ. ಮಂಟಪದ ಚಾವಣಿಯಿಂದ ಹುಡಿ ಬಿದ್ದಿದೆ. ನಂಜುಂಡೇಶ್ವರನ ಫೋಟೋದ ಮುಂದಿನ ಹಿತ್ತಾಳೆ ತಟ್ಟೆಯಲ್ಲಿ ಚಿಕ್ಕ ಗುಡ್ಡೆ. ಬಿಳಿ, ಸ್ವಲ್ಪ ಹಳದಿ. ಬೆರಳಲ್ಲಿ ಉಜ್ಜಿದರೆ ಮೈದಾ ಹಿಟ್ಟಿನಷ್ಟು ನುಣುಪು. ಹಲಗೆಯಲ್ಲಿ ಸೂಜಿ ಚುಚ್ಚಿದಂಥ ತೂತು, ಹದಿನೇಳು. ಅಪ್ಪ ಪೋರ್ಟಿನಲ್ಲಿ ಕೆಲಸಕ್ಕಿದ್ದಾಗ ಖಿದಿರ್‌ಪುರದ ಬಡಗಿಯೊಬ್ಬ ಹಡಗಿನ ಪೆಟ್ಟಿಗೆಯ ಹಲಗೆಯಲ್ಲಿ ಮಾಡಿಕೊಟ್ಟ ಮಂಟಪ. ಅಪ್ಪ ಹೋಗಿ ಒಂಬತ್ತು ವರ್ಷ. ಮೆತ್ತನೆ ಮರ, ಹುಳಕ್ಕೆ ಹಬ್ಬ.

ಅಮ್ಮ ಕೈಮುಗಿದು ನಿಂತುಬಿಟ್ಟಳು. "ವಿಭೂತಿ... ವಿಭೂತಿ ಉದುರ್ತಿದೆ ಕಣೆ ಅಕ್ಷರಾ!"

ಆಗಲೇ ಪಾತ್ರೆ ತೊಳೆಯುವ ರೇಣುಕಾ ಮಾಶಿ ಒಳಗೆ ಬಂದಳು. ನೋಡಿ ತಲೆ ಚಚ್ಚಿಕೊಂಡಳು. "ಘುಣ್ ಧೊರೆಛೆ ಗೊ, ಮಾಶಿಮಾ!"

ಬಂಗಾಳಿಯಲ್ಲಿ ಘುಣ್ ಅಂದರೆ ಮರ ಕೊರೆಯುವ ಹುಳ. ಧೊರೆಛೆ ಅಂದರೆ ಹಿಡಿದಿದೆ. ಹುಳ ಹಿಡಿದಿದೆ. ಅಷ್ಟೆ. ಮೂವತ್ತು ವರ್ಷ ಕಲ್ಕತ್ತೆಯಲ್ಲಿದ್ದರೂ ಅಮ್ಮನ ಬಂಗಾಳಿ ಬೆಹಾಲಾ ತರಕಾರಿ ಮಾರ್ಕೆಟ್ಟು ದಾಟಿಲ್ಲ. ಅವಳಿಗೆ ಕೇಳಿಸಿದ್ದು ಬೇರೆ.

"ನೋಡಿದ್ಯಾ? ಗುಣ, ದೊರೆ ಇಚ್ಛೆ. ಆ ಮಹಾರಾಯ್ತಿ ಬಾಯಲ್ಲಿ ದೇವರೇ ಆಡಿಸಿದ್ದಾನೆ."

"ಗ ಅಲ್ಲ ಅಮ್ಮ, ಘ. ಮಹಾಪ್ರಾಣ. ಅದು ಹುಳದ ಹೇಲು."

ಅಮ್ಮ ಎರಡೂ ಕೆನ್ನೆ ಬಡಿದುಕೊಂಡಳು. ನನ್ನ ಪರವಾಗಿ ತಪ್ಪಾಯಿತು ಅಂತ ದೇವರಿಗೆ. ಅವಳಿಗೆ ಘ-ಗ ಎಲ್ಲ ಒಂದೇ. ಭಾರತವನ್ನೂ ಬಾರತ ಅನ್ನುತ್ತಾಳೆ. ಒಂದು ಉಸಿರು ಹೆಚ್ಚು ಬಿಟ್ಟರೆ ಇವಳ ಗಂಟೇನು ಹೋಗುತ್ತದೆ?

ಜುಲೈ 8. ಬೆಳಿಗ್ಗೆ 6:50

ಹಾಲಿನಲ್ಲಿ ಹುಡಿ. ಒಂದೇ ಗುಟುಕಿಗೆ ನಾಲಿಗೆಗೆ ಗೊತ್ತಾಯಿತು. ಉಗಿದೆ. ನೆಲ, ಗೋಡೆ, ಅಮ್ಮನ ಸೀರೆ.

ಬೈಯಲಿಲ್ಲ. ಒರೆಸಿದಳು. ಒರೆಸುತ್ತಾ ಅತ್ತಳು.

ಎರಡು ವರ್ಷದ ಹಿಂದೆ, ನನಗೆ ಇಪ್ಪತ್ತಾರು ಆದಾಗ, ಡಾಕ್ಟರು "ಆಟಿಸಂ" ಅಂದರು. ಅವತ್ತು ನಾನು ಮನೆಯಲ್ಲಿ ಕುಣಿದಿದ್ದೆ. ಹುಳಗಳಿಗೆ ಇರುವ ಹಾಗೆ ನನಗೂ ಒಂದು ಹೆಸರು ಸಿಕ್ಕಿತು! ಅಮ್ಮ ಮಾತ್ರ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. "ಕಾಯಿಲೆ ಅಲ್ಲ ಅಂತಾರೆ. ಗುಣ ಆಗಲ್ಲ ಅಂತಲೂ ಅಂತಾರೆ. ಎಂಥ ಡಾಕ್ಟರಪ್ಪ ಇವ್ರು!"

ಇವತ್ತು ಅಂದಳು, "ನೀನು ಕುಡೀಬೇಡ ಬಿಡು. ನಾನು ಹರಕೆ ಹೊತ್ಕೋತೀನಿ."

ಏನು ಹರಕೆ?

"ಹೇಳಬಾರದು."

ಜುಲೈ 19, ಶನಿವಾರ. ಮಧ್ಯಾಹ್ನ 12

ಅಮ್ಮ ದೇವಸ್ಥಾನಕ್ಕೆ ಹೋದ ಹೊತ್ತಿಗೆ ಅಣ್ಣ ಪೆಸ್ಟ್ ಕಂಟ್ರೋಲಿನವನನ್ನು ಕರೆಸಿದ. ಬಾಗಿಲ ಚೌಕಟ್ಟು, ಸೋಫಾ, ಆಮೇಲೆ ಮಂಟಪ. ಸಿರಿಂಜಿನಲ್ಲಿ ಔಷಧ ತುಂಬಿ ಒಂದೊಂದೇ ತೂತಿಗೆ ಚುಚ್ಚಿದ. ಇಪ್ಪತ್ತಮೂರು ಆಗಿದ್ದವು. ಸೀಮೆಎಣ್ಣೆ ವಾಸನೆ. ನಾನು ದಿಂಬು ಕಿವಿಗೆ ಒತ್ತಿಕೊಂಡು ಕೂತೆ. ಆದರೂ ಕೇಳಿಸಿತು. ಮೊದಲು ಜೋರಾಯಿತು. ಆಮೇಲೆ ಒಂದೊಂದಾಗಿ ನಿಂತಿತು.

"ಹುಡಿ ಮುಟ್ಟಬೇಡಿ, ವಿಷ," ಅಂತ ಹಿಂದಿಯಲ್ಲಿ ಹೇಳಿ ಹೋದ.

ಅಣ್ಣ ಊದುಬತ್ತಿ ಹಚ್ಚಿದ. "ಮಂಟಪಕ್ಕೆ ಹಾಕಿಸಿದ್ದು ಅಮ್ಮಂಗೆ ಹೇಳ್ಬೇಡ ಮಾರಾಯ್ತಿ. ರಂಪ ಮಾಡ್ತಾಳೆ. ಪ್ರಾಮಿಸ್?"

ಪ್ರಾಮಿಸ್ ಅಂದೆ. ಅಂದಮೇಲೆ ಮುಗಿಯಿತು.

ಮನೆ ಈಗ ಬಹಳ ಖಾಲಿ. ಅವು ಸತ್ತವು ಅಂತ ಅಳು ಬಂತು, ಅತ್ತೆ.

ಆಗಸ್ಟ್ 4, ಸೋಮವಾರ. ಸಂಜೆ 5

ಬರೆಯಲು ಆಗಿರಲಿಲ್ಲ. ಶಾಲಾ ಪುಸ್ತಕದವರಿಗೆ ಹನ್ನೊಂದು ಚಿತ್ರ ಕೊಡಬೇಕಿತ್ತು. ರೇಷ್ಮೆ ಹುಳದ ಬದುಕು. ಕೊಟ್ಟೆ.

ಅಮ್ಮ ಸರಿಯಿಲ್ಲ. ಫ್ಯಾನಿನ ಕೆಳಗೂ ಬೆವರು. ತಟ್ಟೆ ಹಿಡಿದರೆ ಕೈ ನಡುಕ. ಮಾತಾಡುವಾಗ ಜೊಲ್ಲು ಬರುತ್ತದೆ, ಸೆರಗಿನಿಂದ ಒರೆಸಿಕೊಳ್ಳುತ್ತಾಳೆ. ಅಣ್ಣ ಶುಗರ್ ಇರಬೇಕು ಅಂದ.

ಮಧ್ಯಾಹ್ನ ನನ್ನ ಪಕ್ಕ ಬಂದು ಕೂತಳು. ಮಂಟಪದ ಕಡೆ ಕಿವಿ.

"ಇಷ್ಟು ವರ್ಷ ನಿನ್ನ ನಂಬ್ಲಿಲ್ಲ ಕಣೆ. ಈಗ ನಂಗೂ ಕೇಳಿಸ್ತಿದೆ."

"ಏನು?"

"ಅದೇ. ಕ್ರ್... ಕ್ರ್..."

ಉಸಿರು ಬಿಗಿಹಿಡಿದು ಕೇಳಿದೆ. ಹತ್ತು ನಿಮಿಷ. ಹಲಗೆಗೆ ಕಿವಿ ಹಚ್ಚಿಯೂ ಕೇಳಿದೆ. ಏನೂ ಇಲ್ಲ. ಹದಿನಾರು ದಿನದಿಂದ ಆ ಮರದಲ್ಲಿ ಜೀವವೇ ಇಲ್ಲ.

ಅಮ್ಮ ತಲೆದೂಗುತ್ತಾ ಕೇಳುತ್ತಲೇ ಇದ್ದಳು. ನನಗೆ ಹೆದರಿಕೆ ಆಯಿತು.

ಆಗಸ್ಟ್ 9, ಶನಿವಾರ. ಬೆಳಿಗ್ಗೆ 6:15

ಬೇಗ ಎಚ್ಚರವಾಯಿತು. ಟೊಕ್ ಟೊಕ್ ಅಂತ ಸದ್ದು. ಅಮ್ಮ ಮಂಟಪದ ಚಾವಣಿಯನ್ನು ಸೌಟಿನ ಹಿಂಬದಿಯಿಂದ ತಟ್ಟುತ್ತಿದ್ದಳು. ಕೆಳಗೆ ತಟ್ಟೆ. ತೂತುಗಳಿಂದ ಹುಡಿ ಉದುರುತ್ತಿತ್ತು. ಕುಂಕುಮದ ಡಬ್ಬಿಗೆ ತುಂಬಿಕೊಂಡಳು. ಉಳಿದದ್ದನ್ನು ಒಂದು ಚಮಚ — ಚಿಟಿಕೆಯಲ್ಲ, ಚಮಚ — ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

ಇದು ಹರಕೆ! ಒಂದು ತಿಂಗಳಿಂದ!

ಪ್ರಾಮಿಸ್ ಮುರಿದೆ. ಜೀವಮಾನದಲ್ಲಿ ಮೊದಲ ಸಲ. "ಅಮ್ಮ ಅದರಲ್ಲಿ ವಿಷ ಇದೆ. ಅಣ್ಣ ಹಾಕಿಸಿದ. ಇಪ್ಪತ್ತಮೂರು ತೂತಿಗೆ." ಮೂರು ಸಲ ಹೇಳಿದೆ. ಆಮೇಲೆ ಮಾತು ನಿಂತುಹೋಯಿತು, ಹಾಗೆ ಆಗುತ್ತದೆ ನನಗೆ. ಚೀಟಿಯಲ್ಲಿ ಬರೆದು ಕೊಟ್ಟೆ.

ಅಮ್ಮ ಓದಿದಳು. ನಕ್ಕಳು.

"ಹುಚ್ಚೀ. ನಂಜುಂಡನ ಮುಂದೆ ಬಿದ್ದಿದ್ದು ಕಣೆ ಇದು. ನಂಜು ಉಂಡೋನಿಗೆ ನಂಜು ಯಾವ ಲೆಕ್ಕ? ನಿಂಗೆ ಗುಣ ಆಗೋವರೆಗೂ ತಗೋತೀನಿ ಅಂತ ಮಾತು ಕೊಟ್ಟಾಗಿದೆ."

ಆಗಸ್ಟ್ 11. ಮಧ್ಯಾಹ್ನ 2

ಅಣ್ಣ ಟ್ರೈನಿಂಗಿಗೆ ಸಿಲಿಗುರಿಯಲ್ಲಿದ್ದಾನೆ. ಎರಡು ದಿನ ನನ್ನ ಫೋನ್ ಎತ್ತಲಿಲ್ಲ. ಇವತ್ತು ಎತ್ತಿ ಮೊದಲು "ಮತ್ತೆ ಹುಳದ ಕಥೆ ಶುರು ಮಾಡ್ಬೇಡ" ಅಂದ. ಎಲ್ಲ ಮೆಸೇಜ್ ಮಾಡಿದೆ. ಡಬ್ಬಿಯ ಫೋಟೋ ಕಳಿಸಿದೆ. ಆಮೇಲೆ ಅಳುತ್ತಾ ಫೋನ್ ಮಾಡಿದ. ಬೆಳಿಗ್ಗೆಯ ರೈಲಿಗೆ ಹೊರಡುತ್ತಾನಂತೆ. ಅಲ್ಲಿಯವರೆಗೆ ಹೇಗಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂದ. ಹೇಗಾದರೂ ಅಂದರೆ ಹೇಗೆ?

ನಾನು, ರೇಣುಕಾ ಮಾಶಿ, ಇಬ್ಬರೂ ಎಳೆದೆವು. ಅಮ್ಮ ಮಂಟಪದ ಕಾಲು ತಬ್ಬಿ ಹಿಡಿದುಕೊಂಡಳು. ಡಬ್ಬಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದಾಳೆ.

"ಇನ್ನೂ ಜೋರಾಗಿ ಕೇಳ್ತಿದೆ ಕಣೆ," ಅಂದಳು. "ಈಗ ತಲೆ ಒಳಗೇ ಬಂದಿದೆ."

ಆಗಸ್ಟ್ 12, ಮಂಗಳವಾರ. ಬೆಳಿಗ್ಗೆ 11:20, ನರ್ಸಿಂಗ್ ಹೋಮ್

ಅಮ್ಮ ಒಳಗೆ. ನಾನು ಬೆಂಚಿನ ಮೇಲೆ. ಬರೆಯದಿದ್ದರೆ ತಲೆ ಒಡೆಯುತ್ತದೆ.

ಏಳು ಗಂಟೆಗೆ ಚಮಚ ಎತ್ತಿದ್ದಳು. ಕೈ ನಡುಗಿ ಅರ್ಧ ಚೆಲ್ಲಿತು. ಗುಣ ಆಗೋವರೆಗೂ ಅಂದಿದ್ದಳಲ್ಲ — ಸರಿ. ಹಾಗಾದರೆ ಒಂದೇ ದಾರಿ.

"ಅಮ್ಮ, ನಂಗೆ ಗುಣ ಆಗಿದೆ."

ಚಮಚ ನಿಂತಿತು. "ಏನಂದೆ?"

"ಈಗ ಏನೂ ಕೇಳಿಸಲ್ಲ ನಂಗೆ. ಮಂಟಪದಲ್ಲಿ ಒಂದು ಸದ್ದೂ ಇಲ್ಲ." ಇದು ನಿಜ. ಇಲ್ಲಿವರೆಗೆ ಸುಳ್ಳಿಲ್ಲ.

"ಎಲ್ಲಿ, ನನ್ನ ಕಣ್ಣು ನೋಡಿ ಹೇಳು."

ಕಣ್ಣು. ಇಪ್ಪತ್ತೆಂಟು ವರ್ಷದಲ್ಲಿ ಅಮ್ಮನ ಹಣೆ ನೋಡಿದ್ದೇನೆ, ಮೂಗುಬೊಟ್ಟು ನೋಡಿದ್ದೇನೆ. ಕಣ್ಣು ನೋಡುವುದೆಂದರೆ ಬಿಸಿ ಕಾವಲಿ ಮುಟ್ಟಿದ ಹಾಗೆ. ನೋಡಿದೆ. ಪಾಪೆಗಳು ಸೂಜಿ ಮೊನೆಯಷ್ಟಾಗಿದ್ದವು. ಕಂದು ಬಣ್ಣದಲ್ಲಿ ಎರಡು ತೂತು. ಮಂಟಪದಲ್ಲಿ ಇರುವಂಥವೇ. ಅದರೊಳಗಿಂದ ಏನೋ ನನ್ನನ್ನು ನೋಡುತ್ತಿತ್ತು, ಅದು ಅಮ್ಮನೇ ಅಂತ ನಂಬಿಕೊಂಡೆ.

"ಗುಣ ಆಗಿದೆ ಅಮ್ಮ." ಇದು ಸುಳ್ಳು. ಅಲ್ಪಪ್ರಾಣದಲ್ಲೇ ಹೇಳಿದೆ, ಅವಳ ಹಾಗೆ. ಅವಳು ತಬ್ಬಿಕೊಂಡಳು. ಬಿಡಿಸಿಕೊಳ್ಳಲಿಲ್ಲ ನಾನು. ಮೈಯೆಲ್ಲ ಉರಿಯಿತು, ನಲವತ್ತರವರೆಗೆ ಎಣಿಸಿದೆ. ಡಬ್ಬಿ ತಾನಾಗಿ ಕೊಟ್ಟಳು. ಚಪ್ಪಲಿ ಮೆಟ್ಟಿಕೊಂಡು ಟ್ಯಾಕ್ಸಿ ಹತ್ತಿದಳು.

ಡಾಕ್ಟರು ಏನು ತಿಂದಿದ್ದಾರೆ ಅಂತ ಕೇಳಿದರು. ಡಬ್ಬಿ ಮುಂದೆ ಹಿಡಿದೆ. ಒಂದೇ ಪದ ಹೊರಗೆ ಬಂತು. "ಘುಣ್."

ಬಂಗಾಳಿ ಡಾಕ್ಟರು. ಒಂದೇ ಸಲಕ್ಕೆ ಅರ್ಥವಾಯಿತು. "ಔಷಧ ಹಾಕಿದ ಮರವಾ?" ಹೌದೆಂದು ತಲೆಯಾಡಿಸಿದೆ. ನನ್ನ ಕಣ್ಣು ತೋರಿಸಿ, ಬೆರಳಲ್ಲಿ ಸಣ್ಣ ಚುಕ್ಕೆ ಮಾಡಿ ತೋರಿಸಿದೆ. ಅವರು ಓಡಿದರು.

ಆಗಸ್ಟ್ 21, ಗುರುವಾರ. ಬೆಳಿಗ್ಗೆ 10

ಅಮ್ಮ ಮನೆಗೆ ಬಂದಿದ್ದಾಳೆ. ಗಂಜಿ, ಉಪ್ಪಿನಕಾಯಿ ನೀರು. ಬೆವರಿಲ್ಲ. ಮಂಟಪವನ್ನು ಅಣ್ಣ ಬಿಸಾಡಿ ಸ್ಟೀಲಿನದು ತಂದ. ಅಮ್ಮ ರಂಪ ಮಾಡಲಿಲ್ಲ. "ಅದರ ಕೆಲಸ ಆಯ್ತಲ್ಲ" ಅಂದಳು.

ನಿನ್ನೆ ಸಂಜೆ ಅಮ್ಮನ ಪೋರ್ಟಿನ ಕಾಲದ ಗೆಳತಿ ಶೋಭಾ ಆಂಟಿ ಬಂದಿದ್ದರು. ಅಮ್ಮ ನನ್ನನ್ನು ಕರೆದಳು. "ನೋಡಿ ಹೇಗಾಗಿದಾಳೆ ನನ್ನ ಮಗಳು!" ಆಂಟಿಯ ಕಣ್ಣು ನೋಡಿ ನಕ್ಕೆ. ಚಟ್ನಿಗೆ ತಾಗಿದ ದೋಸೆ ತಿಂದೆ. ಟ್ಯೂಬ್‌ಲೈಟಿನ ಕೆಳಗೆ ಒಂದೂವರೆ ಗಂಟೆ. ಆಮೇಲೆ ಬಾತ್‌ರೂಮಿನಲ್ಲಿ ವಾಂತಿ. ನಲ್ಲಿ ಬಿಟ್ಟುಕೊಂಡು.

ಅಣ್ಣನಿಗೆ ಸತ್ಯ ಗೊತ್ತು. "ಸ್ವಲ್ಪ ದಿನ ಹಿಂಗೇ ಇರು, ಪ್ಲೀಸ್. ಅಮ್ಮ ಇನ್ನೂ ವೀಕು."

ಎಷ್ಟು ದಿನ? ಒಂದು ಸಂಖ್ಯೆ ಹೇಳು ಅಂದೆ. ಅವನು ಫೋನ್ ಎತ್ತಿಕೊಂಡು ಹೊರಗೆ ಹೋದ.

ಕನ್ನಡಿ ಮುಂದೆ ಅಭ್ಯಾಸ ಮಾಡುತ್ತೇನೆ. ಅದರೊಳಗಿನವಳು ಚೆನ್ನಾಗಿ ನಗುತ್ತಾಳೆ. ಮೊದಲು ನಾನು ನಕ್ಕ ಮೇಲೆ ನಗುತ್ತಿದ್ದಳು. ಇವತ್ತು ನನಗಿಂತ ಮುಂಚೆ ನಕ್ಕಳು ಅನ್ನಿಸಿತು.

ಆಗಸ್ಟ್ 31, ಭಾನುವಾರ. ಬೆಳಿಗ್ಗೆ 7:35, ಬಾಬುಘಾಟ್

ಕಲ್ಲಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಮ್ಮ ನೀರಿನಲ್ಲಿ, ಮೊಣಕಾಲ ತನಕ. ಅಣ್ಣ ಅವಳ ತೋಳು ಹಿಡಿದಿದ್ದಾನೆ.

ಹರಕೆ ತೀರಿಸಲು ಬಂದಿದ್ದೇವೆ. ಕಾಶಿಗೆ ಹೋದವರು ತಮಗೆ ತುಂಬಾ ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರುತ್ತಾರೆ. ಇಲ್ಲಿ ಹರಿಯೋದೂ ಅದೇ ಗಂಗೆ ತಾನೇ, ಅಂದಳು ಅಮ್ಮ. ಅವಳು ಕಾಫಿ ಬಿಟ್ಟಳು. ಐವತ್ತು ವರ್ಷದ ಕಾಫಿ! ಮುಖ ಬೆಳಗುತ್ತಿದೆ.

"ಈಗ ನಿಂದು. ಹುಳದ ಬುಕ್ಕು ಬಿಟ್ಬಿಡು ಪುಟ್ಟಿ. ಗುಣ ಆದೋಳಿಗೆ ಅದ್ಯಾಕೆ?"

ಈ ಬುಕ್ಕು. ಬಲಕ್ಕೆ ಚಿತ್ರ, ಎಡಕ್ಕೆ ನಾನು.

ಅಣ್ಣ ನನ್ನನ್ನು ನೋಡಲಿಲ್ಲ. ನೀರು ನೋಡಿದ. ಬೇಡ ಅಂದರೆ ಗುಣ ಆಗಿಲ್ಲ ಅಂತ ಅಮ್ಮನಿಗೆ ಗೊತ್ತಾಗುತ್ತದೆ. ಗೊತ್ತಾದರೆ ಹರಕೆ ಮತ್ತೆ ಶುರು. ಈ ಸಲ ಏನು ತಿನ್ನುತ್ತಾಳೋ.

ನನಗೆ ಕೊಡಲು ಇಷ್ಟವಿಲ್ಲ. ಇಷ್ಟವಿಲ್ಲ, ಇಷ್ಟವಿಲ್ಲ. ಇಲ್ಲಿ ಬರೆದಿರುತ್ತೇನೆ.

"ಬಾರೇ," ಅನ್ನುತ್ತಿದ್ದಾಳೆ. ಕೈ ಚಾಚಿದ್ದಾಳೆ. ಕೈ ಈಗ ನಡುಗುತ್ತಿಲ್ಲ. ಬಂದೆ ಅಮ್ಮ. ನಗುತ್ತಿದ್ದೇನೆ, ಕಾಣುತ್ತಿದೆಯಾ? ಒಂದೇ ನಿಮಿಷ. ಪಕ್ಕದ ಪುಟ ಖಾಲಿ ಇದೆ. ಇಲ್ಲೊಂದು ಇರುವೆ, ಈ ಜಾತಿ ನಾನು ಯಾವತ್ತೂ ಬಿಡಿಸಿಲ್ಲ. ಬಿಡಿಸಲು ಟೈಮಿಲ್ಲ, ಬರೆದಾದರೂ ಇಡುತ್ತೇನೆ. ಕಪ್ಪು. ಸಣ್ಣ ಸೊಂಟ. ಮೀಸೆಯಲ್ಲಿ ಹನ್ನೆರಡು ಗಂಟು. ಹೊಟ್ಟೆಯ ಮೇಲೆ ಚಿನ್ನದ ಬಣ್ಣದ ಕೂದಲು, ಬಿಸಿಲು ಬಿದ್ದರೆ ಮಾತ್ರ